ಕಾಲ್ಬೆರಳಿಗೆ ಕಟ್ಟಿದ ಲಾಡಿ

ಅಳುವ ಮಗುವಿಗೆ ಹಾಲು ಅಂತ ಲೋಕವೆಲ್ಲ ಹೇಳುತ್ತದೆ. ಬೆರಳಕ್ಕ ಹುಟ್ಟಿದ ಮನೆಯಲ್ಲಿ ಮಾತ್ರ ಒದ್ದ ಮಗುವಿಗೆ ಹಾಲು. ಅವಳ ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದ ಕಿವಿ ಕೇಳದು. ಮಗು ಕಿರುಚಿ ಕಿರುಚಿ ಕೆಂಪಾದರೂ ಮಗ್ಗುಲಲ್ಲಿ ಮಲಗಿದವರಿಗೆ ಗೊತ್ತಾಗುವಂತಿರಲಿಲ್ಲ. ಅದಕ್ಕೆ ಅಮ್ಮ ಒಂದು ಉಪಾಯ ಹೂಡಿದ್ದಳು. ಮೆತ್ತನೆಯ ದಾರದ ಒಂದು ತುದಿಯನ್ನು ಮಗುವಿನ ಕಾಲಿಗೆ, ಇನ್ನೊಂದನ್ನು ತನ್ನ ಮುಂಗೈಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಮಗು ಒದ್ದರೆ ಅಮ್ಮನ ಕೈ ಜಗ್ಗುತ್ತಿತ್ತು.

ಹೀಗೆ ಬೆಳೆದವಳಿಗೆ ಬಾಯಿಮಾತಿಗಿಂತ ಮೊದಲು ಕೈಮಾತು ಬಂತು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯವರ ಬಾಗಿಲಲ್ಲಿ ಹೆತ್ತವರ ಪರವಾಗಿ ಮಾತಾಡಿದ್ದು ಅವಳೇ. ಬೀದಿಯವರು ಬೆರಳಕ್ಕ ಎಂದರು, ಅದೇ ಉಳಿಯಿತು. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನ ಕೈ ಹಿಡಿದ ಮೇಲೂ ಆ ಹೆಸರು ಹೋಗಲಿಲ್ಲ. "ನನ್ನ ಸೊಸೆ ಜಗಳ ಆಡಿದ್ರೆ ಪಕ್ಕದ ಮನೆಗೆ ಕೇಳ್ಸಲ್ಲ, ಬಂದು ನೋಡ್ಕೊಂಡು ಹೋಗ್ಬೇಕು" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಜೀವಮಾನವೆಲ್ಲ ಬಿಟ್ಟಿಯಾಗಿ ಮಾಡಿದ ಆ ಕೆಲಸಕ್ಕೆ ನಡುವಯಸ್ಸಿನಲ್ಲಿ ಸಂಬಳ ಬಂತು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂರುವುದು. ಕಿವಿ ಕೇಳದ ರೋಗಿ ಆಸ್ಪತ್ರೆಗೆ ಬಂದರೆ ಅಲ್ಲಿನ ಪರದೆಯ ಮೇಲೆ ಬೆರಳಕ್ಕ ಮೂಡುತ್ತಾಳೆ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುತ್ತಾಳೆ, ರೋಗಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ. ಮೊದಲ ದಿನ ಡಾಕ್ಟರು "ಥ್ಯಾಂಕ್ಸ್ ಮೇಡಂ" ಎಂದಾಗ, ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ್ದಳು.

ಆದರೆ ವೈರಿನಲ್ಲಿ ಬರುವ ನೆಟ್ಟಿಗೆ ಮಾನ ಮರ್ಯಾದೆ ಇರಲಿಲ್ಲ. ಎಲ್ಲೋ ರಸ್ತೆ ಅಗೆದರೆ ಇಲ್ಲಿ ಮಾಯ. ಒಂದು ದಿನ ಒಬ್ಬ ಮುದುಕನಿಗೆ ಎದೆಯ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುತ್ತಿದ್ದಾಗ ಚಿತ್ರ ನಿಂತುಹೋಯಿತು. ಎತ್ತಿದ ಕೈ ಎತ್ತಿದಂತೆಯೇ. ಪಾಪ, ಮುದುಕ ಆ ಕೈ ಯಾವಾಗ ಇಳಿಯುತ್ತದೋ ಎಂದು ಬಾಯಿ ಬಿಟ್ಟುಕೊಂಡು ಕೂತಿದ್ದನಂತೆ.

ಕೆಲಸ ಹಂಚುವ ಮೇಲ್ವಿಚಾರಕಿ ಫೋನು ಮಾಡಿದಳು. "ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಕೆಲಸದಿಂದ ಬಿಡಿಸ್ಲೇಬೇಕಾಗುತ್ತೆ. ಕಾಯಿಲೆ ಕಾಯಲ್ಲ."

ಬೆರಳಕ್ಕ ಎರಡನೇ ನೆಟ್ಟು ಹಾಕಿಸಿದಳು. ಸಿಮ್ ಹಾಕುವ ಪುಟ್ಟ ಡಬ್ಬಿ. ವೈರಿನ ಹಂಗಿಲ್ಲದೆ ಗಾಳಿಯಲ್ಲೇ ಕಂಪ್ಯೂಟರಿಗೆ ನೆಟ್ಟು ಕೊಡುತ್ತದೆ. ಕೇಬಲ್‌ನವನು ಬಂದು, ಪರೀಕ್ಷೆಗೆಂದು ತನ್ನ ಕಡೆಯಿಂದ ವೈರಿನ ನೆಟ್ಟು ನಿಲ್ಲಿಸಿದ. ಚಿತ್ರ ಮತ್ತೆ ಕಲ್ಲಾಯಿತು. ಹೊಸ ಡಬ್ಬಿ ಪಕ್ಕದಲ್ಲೇ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು.

"ಎರಡೆರಡು ಇದ್ರೂ ಯಾಕಪ್ಪಾ ನಿಂತೋಯ್ತು?"

"ವೈರು ಚುಚ್ಚಿದೆಯಲ್ಲಕ್ಕಾ. ಅದು ಇರೋ ತನಕ ಕಂಪ್ಯೂಟರ್ ಅದನ್ನೇ ನಂಬ್ಕೊಂಡಿರುತ್ತೆ. ಕಿತ್ತು ನೋಡಿ, ತಕ್ಷಣ ಡಬ್ಬಿಗೆ ಹಾರುತ್ತೆ."

"ಅಯ್ಯೋ ಇದರ ಬುದ್ಧಿಗಿಷ್ಟು! ಪಕ್ಕದಲ್ಲಿ ನಲ್ಲಿ ಸುರೀತಿದ್ರೂ ಬತ್ತಿದ ಬಾವಿಗೇ ಕೊಡ ಬಿಡ್ತಿದೆಯಲ್ಲೋ" ಎಂದಳು ಅತ್ತೆ.

ಡಬ್ಬಿಯ ನೆಟ್ಟು ದಿನಕ್ಕಿಷ್ಟೇ ಎಂಬ ಅಳತೆಯದು, ವೈರು ಕೈಕೊಟ್ಟಾಗಷ್ಟೇ ಅದು. ಆಗ ಕೀಳುವುದೇನೋ ಸರಿ. ಆದರೆ ವೈರು ಇದ್ದದ್ದು ಮೇಜಿನ ಕೆಳಗೆ, ಕಂಪ್ಯೂಟರ್ ಪೆಟ್ಟಿಗೆಯ ಬೆನ್ನಿಗೆ. ನೆಟ್ಟು ಒಮ್ಮೆಲೇ ಸಾಯುವುದಿಲ್ಲ, ಮೊದಲು ತೊದಲುತ್ತದೆ. ಆ ಹೊತ್ತಿಗೆ ಕೈ ಇಳಿಸಿದರೆ ಮಾತು ನುಂಗಿದಂತೆ. ಬಗ್ಗಿ ಕಿತ್ತು ಏಳುವಷ್ಟರಲ್ಲಿ ರೋಗಿಯ ಮುಂದೆ ಖಾಲಿ ಕುರ್ಚಿ.

"ಅಷ್ಟಕ್ಕೆಲ್ಲ ಯಾಕೆ ಯೋಚ್ನೆ? ನಾನು ಮೇಜಿನ ಕೆಳಗೆ ಕೂತಿರ್ತೀನಿ, ನೀನು ಒಂದು ಸನ್ನೆ ಮಾಡು."

"ಅತ್ತೆ, ಬೆಳಗಿಂದ ಸಂಜೆವರೆಗೂ ಸನ್ನೆ ಮಾಡೋದೇ ನನ್ನ ಕೆಲಸ. ಯಾವುದು ನಿಮಗೆ ಅಂತ ಹೇಗೆ ಗೊತ್ತಾಗುತ್ತೆ? ಅದೂ ಅಲ್ದೆ ರೋಗಿ ಮಾತು ಬೇರೆಯವರ ಕಿವಿಗೆ ಬೀಳೋ ಹಾಗಿಲ್ಲ."

ಕೇಬಲ್‌ನವನು ಹೊರಡುವ ಮುಂಚೆ ವೈರಿನ ತುದಿ ಹಿಡಿದು ತೋರಿಸಿದ. "ಇದನ್ನ ಕಚ್ಚಿ ಹಿಡಿಯೋ ಹಲ್ಲು ಮುರಿದಿದೆ. ಜಗ್ಗಿದ್ರೆ ಕಳಚ್ಕೊಂಡು ಬರುತ್ತೆ. ಬೇರೆ ಹಾಕ್ತೀನಿ."

ಜಗ್ಗಿದರೆ ಬರುತ್ತದೆ! ಬೆರಳಕ್ಕ ತನ್ನ ಕಾಲು ನೋಡಿಕೊಂಡಳು. ಕಣ್ಣಮುಂದೆ ಬಂದದ್ದು ಅಮ್ಮನ ಮುಂಗೈ.

"ಬೇಡ, ಮುಟ್ಬೇಡ! ಹಲ್ಲಿಲ್ಲದ್ದೇ ಇರಲಿ."

"ನೋಡಪ್ಪಾ, ನಮ್ಮಂಥವರಿಗೂ ಕಾಲ ಬಂತು" ಎಂದು ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಒಣಹಾಕಿದ ಪೈಜಾಮದಿಂದ ಲಾಡಿ ಎಳೆದು ಕೊಟ್ಟವಳೂ ಅತ್ತೆಯೇ. ಒಂದು ತುದಿ ವೈರಿನ ಕೊರಳಿಗೆ, ಇನ್ನೊಂದು ಬೆರಳಕ್ಕನ ಕಾಲಿನ ಹೆಬ್ಬೆರಳಿಗೆ. ಮೊದಲ ಸಲ ಒದ್ದ ರಭಸಕ್ಕೆ ಪೆಟ್ಟಿಗೆಯೇ ವಾಲಿತು. ಆಮೇಲೆ ಮೆಲ್ಲಗೆ ಜಗ್ಗಿ ಜಗ್ಗಿ ಕಾಲಿಗೆ ಹದ ಸಿಕ್ಕಿತು. ಗಂಡ ಸ್ನಾನ ಮುಗಿಸಿ ಪೈಜಾಮದ ಸೊಂಟವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದ. "ನನ್ನ ಲಾಡಿ ಎಲ್ಲಿ?"

"ಇಂಟರ್ನೆಟ್ಟಿಗೆ ಹಾಕಿದೀವಿ ಕಣೋ. ನೀನು ಪಿನ್ನು ಚುಚ್ಕೋ" ಎಂದಳು ಅತ್ತೆ.

ಮರುದಿನವೇ ಹೆರಿಗೆ ವಾರ್ಡಿನಿಂದ ಕರೆ ಬಂತು. ಕಿವಿ ಕೇಳದ ಎಳೆಯ ಹೆಣ್ಣು, ಚೊಚ್ಚಲು. ಬೆರಳಕ್ಕ ಬಾಗಿಲು ಹಾಕಿ, ಕಾಲ್ಬೆರಳಿಗೆ ಲಾಡಿ ಬಿಗಿದು ಕೂತಳು. ಡಾಕ್ಟರಮ್ಮ ಹೇಳಿದಂತೆ "ಈಗ ಬೇಡ, ಉಸಿರು ಬಿಡು, ಈಗ ಮುಕ್ಕಿ ತಳ್ಳು" ಎಂದು ಕೈಗಳು ಹೇಳುತ್ತಿದ್ದವು. ಆ ಹುಡುಗಿ ಪರದೆಯಿಂದ ಕಣ್ಣು ಕೀಳದೆ ಹಾಗೇ ಮಾಡುತ್ತಿದ್ದಳು. ಮಗುವಿನ ತಲೆ ಕಂಡಿತು ಎನ್ನುವಾಗ ಚಿತ್ರ ತೊದಲಿತು. ಡಾಕ್ಟರಮ್ಮನ ಮುಖ ಚೂರುಚೂರಾಯಿತು.

ಬೆರಳಕ್ಕನ ಕೈ ನಿಲ್ಲಲಿಲ್ಲ. ಮೇಜಿನ ಕೆಳಗೆ ಕಾಲು ಒದ್ದಿತು. ಟಕ್ ಅಂತ ವೈರು ಕಳಚಿ ನೆಲಕ್ಕೆ ಬಿತ್ತು. ಡಬ್ಬಿಯ ಹಸಿರು ದೀಪ ಎರಡು ಸಲ ಮಿಟುಕಿತು. ಅಷ್ಟರಲ್ಲಿ ಡಾಕ್ಟರಮ್ಮನ ಮುಖ ಕೂಡಿಕೊಂಡಿತು, ದನಿ ಬಂತು: "ಇನ್ನೊಂದೇ ಸಲ, ಮುಕ್ಕು ತಾಯಿ!" ಬೆರಳಕ್ಕ ಅದನ್ನು ಇಡೀ ಮೈಯಿಂದ ಹೇಳಿದಳು.

ಮಗು ಬಂತು. ಬಾಣಂತಿ ಬೆರಳಲ್ಲಿ ಕೇಳಿದಳು: ಅಳ್ತಿದೆಯಾ?

ಬೆರಳಕ್ಕ ಅದನ್ನು ಬಾಯಲ್ಲಿ ಹೇಳಿದಾಗ ಡಾಕ್ಟರಮ್ಮ ನಕ್ಕುಬಿಟ್ಟಳು. "ಅಳೋದಾ? ಆಸ್ಪತ್ರೆ ಚಾವಣಿ ಹಾರಿಹೋಗೋ ಹಾಗೆ ಕಿರುಚ್ತಿದಾಳೆ ಅಂತ ಹೇಳಿ."

ಬೆರಳಕ್ಕ ಎರಡೂ ತೋಳನ್ನು ಅಗಲಿಸಿ ಚಾವಣಿಯನ್ನು ಹಾರಿಸಿಯೇ ತೋರಿಸಿದಳು.

ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕಿಯ ಫೋನು. "ಕಣ್ಣು ರೆಪ್ಪೆ ಬಡಿದ ಹಾಗಾಯ್ತು ಅಷ್ಟೇ ಅಂತ ಡಾಕ್ಟರಮ್ಮ ಹೇಳಿದ್ರು. ಇನ್ಮೇಲೆ ಹೆರಿಗೆ ವಾರ್ಡಿಗೆ ನೀವೇ ಬೇಕಂತೆ. ಬಿಡಿಸೋ ಮಾತು ನಾನು ಆಡೇ ಇಲ್ಲ ಅಂದ್ಕೊಳಿ."

ಬೆರಳಕ್ಕ ಎದ್ದು ಅಡುಗೆಮನೆಗೆ ಓಡಿದಳು. ಹೆಬ್ಬೆರಳಿನ ಲಾಡಿ ಬಿಚ್ಚಿರಲಿಲ್ಲ. ಬಾಲದ ಹಾಗೆ ವೈರು ಹಿಂದೆಯೇ ಹರಿದು ಬಂತು. "ಗೆದ್ದೆ ಅತ್ತೆ!"

"ಗೆದ್ದದ್ದು ಕಾಣ್ತಿದೆ. ಅರ್ಧ ಮನೇನ ಎಳ್ಕೊಂಡು ಬಂದಿದೀಯ."

ಆಮೇಲೆ ಅವಳು ಮೊಬೈಲಿನಲ್ಲಿ ತವರಿಗೆ ವಿಡಿಯೋ ಕರೆ ಮಾಡಿದಳು. ಲಾಡಿ ಕಟ್ಟಿದ ಕಾಲನ್ನು ಮೊಬೈಲಿನ ಮುಂದೆ ಎತ್ತಿ ಹಿಡಿದಳು. ಅಮ್ಮ ಒಂದು ಗಳಿಗೆ ಹುಬ್ಬು ಗಂಟಿಕ್ಕಿ ನೋಡಿದಳು. ಮತ್ತೆ ಮುಖವೆಲ್ಲ ಅರಳಿ, ಸುಕ್ಕುಗಟ್ಟಿದ ಎಡಮುಂಗೈಯನ್ನು ಮೇಲೆತ್ತಿ, ಯಾರೋ ಜಗ್ಗಿದರು ಎಂಬಂತೆ ಎರಡು ಸಲ ಅಲುಗಿಸಿದಳು.