ನನ್ನ ಹಸುವಿನ ಹಾಡು

ನನಗಾಗ ಅರವತ್ತು ದಾಟಿತ್ತು. ಅದಾಗಿ ಆರು ವರ್ಷವಾಯಿತು. ಚಿರತೆ ಹಿಡಿದ ನನ್ನ ಹಸುವಿನ ಮೇಲೆ ನಾನೇ ಒಂದು ಹಾಡು ಕಟ್ಟಿ, ರಾಗಿ ಹೊಲದಲ್ಲಿ ಕಳೆ ಕೀಳುವಾಗ ಹಾಡುತ್ತಿದ್ದೆ. ಒಂದು ಸಂಜೆ ನಮ್ಮ ಬೀದಿಯ ಹುಡುಗಿಯರು ಫೋನಿನಲ್ಲಿ ಅದೇ ಹಾಡು ಹಾಕಿದರು. ಹಾಡಿದವಳು ದಿನವೂ ನನ್ನ ಜೊತೆ ಕಳೆ ಕೀಳುವವಳು. ತಾನೇ ಕಟ್ಟಿದ ಹಾಡು ಎಂದು ಬೇರೆ ಹೇಳಿಕೊಂಡಿದ್ದಳು. ಸತ್ತದ್ದು ನನ್ನ ಹಸು, ಹೆಸರು ಅವಳಿಗೆ. ಮೈಯೆಲ್ಲ ಉರಿದು ಸೀದಾ ಅವಳ ಮನೆ ಬಾಗಿಲಿಗೆ ಹೋದೆ.

“ರಾಗ ಎಲ್ಲಾರ್ದೂ ಅಲ್ವಾ ಅಕ್ಕಾ? ನಂಗೂ ಅಂಗೇ ಬಂತು” ಎಂದಳು.

“ರಾಗ ಎಲ್ಲಾರ್ದೂ ಕಣಮ್ಮಿ, ನಾನೂ ನಮ್ಮವ್ವನ ತಾವ ಕಲ್ತೆ. ಪದದಲ್ಲಿ ಬರೋ ಆ ಮುರುದ ಎಡಗೊಂಬು ಯಾರ ಹಸುದು? ತಾಯಿಲ್ದೆ ಸೊರಗಿ ಸತ್ತ ಕರ ಯಾರ ಅಟ್ಟೀದು? ನೀನು ಮೇಕೆ ಬುಟ್ಟು ಇನ್ನೇನ ಸಾಕಿದ್ದೀಯೆ?”

“ಒಂದು ಪದುಕ್ಕೆ ಇಷ್ಟು ಕೂಗಾಡ್ತೀಯಲ್ಲಕ್ಕ!” ಎಂದು ನಕ್ಕುಬಿಟ್ಟಳು. ಆ ನಗು ನಾಲ್ಕು ಜನ ಕೇಳಿದ್ದರೆ ಕದ್ದವಳು ನಾನೇ ಅಂದುಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಹೊಲದಲ್ಲಿ ಬೇಕೆಂದೇ ಅವಳ ಪಕ್ಕ ಕೂತು ಕಳೆಗೆ ಕೈ ಹಾಕಿದೆ. ಅವಳು ಬಾಯಿ ತೆರೆಯುವ ಮೊದಲೇ, ಹಸು ಸತ್ತು ಬಿದ್ದಿದ್ದ, ಅವಳಿಗೆ ಗೊತ್ತಿಲ್ಲದ ಬೇಲಿಯ ಮೂಲೆಯನ್ನೂ ಹೊಸದಾಗಿ ಸೇರಿಸಿ, ಎಲ್ಲ ಹೆಂಗಸರಿಗೂ ಕೇಳುವಂತೆ ನನ್ನ ಹಾಡನ್ನು ಎತ್ತಿದೆ.