ಹೆಣ ನೋಡದ ಕ್ಯಾಮೆರಾ

ಆಪರೇಷನ್ನಿಗೆ ಐದು ದಿನ ಉಳಿದಿತ್ತು. ನನ್ನ ಹೃದಯದ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದನ್ನು ಬದಲಿಸಬೇಕೆಂದು ಮಂಗಳೂರಿನ ಡಾಕ್ಟರು ಹೇಳಿದ್ದರು. "ಬದುಕೋ ಚಾನ್ಸೇ ಹೆಚ್ಚು. ಆದ್ರೂ ಮನೆ ಕಡೆ ಏನಾದ್ರೂ ಮುಗಿಸೋದಿದ್ರೆ ಮುಗಿಸ್ಕೊಂಡು ಬಂದ್ಬಿಡಿ" ಎಂದು ಅವರು ಕನ್ನಡಕ ಒರೆಸುತ್ತ ಹೇಳಿದ ಧಾಟಿಯನ್ನು ನಾನು ಘಟ್ಟ ಹತ್ತುವಷ್ಟರಲ್ಲಿ ಬಸ್ಸಿನಲ್ಲೇ ಕಲಿತುಬಿಟ್ಟಿದ್ದೆ. ಮನೆಗೆ ಬಂದವನೇ ಅವ್ವನ ಎದುರು ಹಾಗೇ ಮಾಡಿ ತೋರಿಸಿದೆ. ಅವ್ವ ನಗಲಿಲ್ಲ. ಒಲೆ ಮುಂದಿನಿಂದ ಎದ್ದು ಹಿತ್ತಿಲಿಗೆ ಹೋದಳು.

ಇಪ್ಪತ್ತಾರು ವರ್ಷದ, ಮದುವೆಯಾಗದ ನನಗೆ ಮುಗಿಸುವುದಕ್ಕೆ ಏನಿತ್ತು? ತೋಟ ಅಪ್ಪನ ಹೆಸರಿನಲ್ಲಿತ್ತು, ಬೈಕು ಅಣ್ಣನದು. ನನ್ನದು ಅಂತ ಇದ್ದದ್ದು ಆನೇಮಹಲಿನ ರಸ್ತೆ ಬದಿಯ ಬಾಡಿಗೆ ಕೋಣೆಯ ಸ್ಟುಡಿಯೋ, ಮತ್ತೊಂದು ಚರ್ಮದ ಬ್ಯಾಗು. ಬ್ಯಾಗಿನೊಳಗೆ ಕ್ಯಾಮೆರಾ, ಮೂರು ಲೆನ್ಸು, ಫ್ಲ್ಯಾಶು. ಅದು ರೀಲಿನ ಕಾಲ. ಡಿಜಿಟಲ್ಲು ಇನ್ನೂ ನಮ್ಮ ಘಟ್ಟ ಹತ್ತಿರಲಿಲ್ಲ.

ನಾನು ಹೋದರೆ ಆ ಬ್ಯಾಗಿನ ಗತಿ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಮ್ಮ ಬಾವ ಅದನ್ನು ಒಯ್ದು ಶೋಕೇಸಿನಲ್ಲಿಟ್ಟು, ಬಂದವರಿಗೆಲ್ಲ "ಪಾಪ, ನಮ್ಮುಡುಗಂದು" ಅನ್ನುತ್ತಾರೆ. ಅವರಿಗಿಂತ ಮೊದಲು ಅವ್ವನ ಕೈಗೆ ಸಿಕ್ಕರೆ ಹನ್ನೊಂದನೇ ದಿನ ನನ್ನ ಫೋಟೋದ ಮುಂದಿಟ್ಟು ಲೆನ್ಸಿನ ನಡುಮಧ್ಯಕ್ಕೆ ಕುಂಕುಮ ಹಚ್ಚುತ್ತಾಳೆ. ಪ್ರತಿ ಆಯುಧಪೂಜೆಗೂ ಅವಳ ಬೆರಳಿನಿಂದ ಲೆನ್ಸ್ ಕಾಪಾಡುವುದೇ ನನಗೊಂದು ಕೆಲಸವಾಗಿತ್ತು. ಯಾರ ಮನೆಯಲ್ಲಿಟ್ಟರೂ ಎರಡು ಮಳೆಗಾಲ ಮುಟ್ಟದೆ ಬಿಟ್ಟರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಅದನ್ನು ನೆನೆಸಿಕೊಂಡರೆ ನನ್ನ ಎದೆ ಕುಯ್ಯುವುದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ಅದನ್ನು ಕೆಲಸಕ್ಕೆ ಹಚ್ಚಬಲ್ಲವರು ನಮ್ಮ ಕಡೆ ಒಬ್ಬರೇ: ಹೊಂಗಡಹಳ್ಳದ ಹಿರಿಯ ಫೋಟೋಗ್ರಾಫರು. ಆದರೆ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಮ್ಮಲ್ಲಿ ಸಾವಾದಾಗ ಹೆಣ ಎತ್ತುವ ಮೊದಲು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದುಂಟು. ಆದರೆ ಹೆಣ ನೋಡಿದ ಕ್ಯಾಮೆರಾ ಮದುಮಗಳನ್ನು ನೋಡಬಾರದು ಎನ್ನುವ ಹಿರಿಯರು ಬಹಳ. ನಾನು ಜಾಣ; ಸಾವಿನ ಮನೆಗೆ ಹೋಗುತ್ತಲೇ ಇರಲಿಲ್ಲ. ಆ ಕೆಲಸವೆಲ್ಲ ಹೊಂಗಡಹಳ್ಳದವರ ಪಾಲಿಗೆ ಬಂತು. ಮಳೆಯಲ್ಲಿ ಜೀಪು ಬಂದು ನಿಂತರೂ ಅವರು ಇಲ್ಲ ಅಂದವರಲ್ಲ. ಅಷ್ಟಾದರೂ ಕೆಲವು ಮನೆಯವರು ಅವರನ್ನು ಮದುವೆಗೂ ಕರೆಯುತ್ತಿದ್ದರು. ಅದನ್ನು ನಿಲ್ಲಿಸಿದ್ದು ನನ್ನ ಬಾಯಿ.

ಅವರಿಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಫೋಕಸ್ ಮಾಡಿಕೊಂಡು, ಎಡಗೈ ತೆಗೆದು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು, ಆಮೇಲೆ ಬಟನ್ ಒತ್ತುತ್ತಿದ್ದರು. ನಾನು ಮದುವೆ ಚಪ್ಪರಗಳಲ್ಲಿ ಅದನ್ನು ಮಾಡಿ ತೋರಿಸುತ್ತಿದ್ದೆ. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಒಂದು ಸಲ ಜನ ಇನ್ನೂ ನಗಲಿ ಅಂತ, ಅವರು ಕುರ್ಚಿಯಲ್ಲಿ ಕೂತ ಹೆಣಕ್ಕೆ "ಸ್ವಲ್ಪ ನಗಿ ಯಜಮಾನ್ರೇ" ಅಂದರಂತೆ ಎಂದು ಸೇರಿಸಿಬಿಟ್ಟೆ. ಅವರು ಎಲ್ಲೂ ಅಂದದ್ದಲ್ಲ. ಮೂರು ತಿಂಗಳಿಗೆ ಅದು ಆಲೂರು ದಾಟಿ ಹೋಗಿ, ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ಆಮೇಲೆ ಅವರು ಯಾವ ಮದುವೆಯಲ್ಲಿ "ಸ್ವಲ್ಪ ನಗಿ" ಅಂದರೂ ಚಪ್ಪರ ಗೊಳ್ಳೆನ್ನುತ್ತಿತ್ತು, ಮದುಮಗಳ ತಾಯಿಯ ಮುಖ ಕಪ್ಪಿಡುತ್ತಿತ್ತು. ನಗಿ ಅನ್ನಲಾಗದ ಫೋಟೋಗ್ರಾಫರನ್ನು ಮದುವೆಗೆ ಯಾರು ಕರೆಯುತ್ತಾರೆ?

ಪಶ್ಚಾತ್ತಾಪದಿಂದ ಅವರಲ್ಲಿಗೆ ಹೋದೆ ಎಂದು ಬರೆದರೆ ಓದಲು ಚೆಂದ. ನಿಜ ಹೇಳಬೇಕೆಂದರೆ ಹೋದದ್ದು ಬೂಷ್ಟಿನ ಭಯಕ್ಕೆ.

ಹೊಂಗಡಹಳ್ಳದಲ್ಲಿ ಬಸ್ಸಿಳಿದು ಅವರ ಮನೆಯ ಏರು ಹತ್ತುವಾಗ ಮೂರು ಕಡೆ ಕೂತೆ. ಬ್ಯಾಗು ಎಂದೂ ಇಷ್ಟು ಭಾರ ಅನ್ನಿಸಿರಲಿಲ್ಲ. ಅವರ ಹೆಂಡತಿ ಅಂಗಳದಲ್ಲಿ ಒಣಹಾಕಿದ ಮೆಣಸಿನಲ್ಲಿ ಕೈಯಾಡಿಸುತ್ತಿದ್ದರು. ತಲೆ ಎತ್ತಿ ನೋಡಿ, "ಬಂದ್ಯಾ? ಇವತ್ತು ಯಾರ ಥರ ಮಾತಾಡ್ತೀಯಪ್ಪ?" ಅಂದರು.

"ನನ್ ಥರಾನೇ ಅಕ್ಕ" ಅಂದೆ. ಉಸಿರು ಸಾಲಲಿಲ್ಲ.

ಹಿರಿಯರು ಜಗಲಿಯ ಮೇಲೆ ತಮ್ಮ ಕ್ಯಾಮೆರಾ ಬಿಚ್ಚಿಕೊಂಡು ಕೂತಿದ್ದರು. ಶಟರ್ ಕಚ್ಚಿಕೊಳ್ಳುತ್ತಿದೆ ಎಂದು ಸದ್ದಿನಲ್ಲೇ ಗೊತ್ತಾಯಿತು. ಕೂತ್ಕೋ ಅನ್ನಲಿಲ್ಲ, ನಾನೇ ಕೂತೆ.

"ಅಣ್ಣ, ಸೋಮವಾರ ನಂಗೆ ಆಪರೇಷನ್ನು."

"ಗೊತ್ತೈತೆ. ಬಸ್ಸಲ್ಲಿ ಮಾತಾಡ್ಕೊತಿದ್ರು."

"ನಾನೇನಾರ ಹೋಗ್ಬುಟ್ರೆ ಈ ಬ್ಯಾಗು ನಿಮಗೆ ಸೇರ್ಬೇಕು ಅಂತ ಬರ್ಕೊಂಡು ಬಂದೀನಿ. ಸೈನ್ ಹಾಕೀನಿ. ಮನೇಲೂ ಹೇಳ್ತೀನಿ." ಕಾಗದ ಚಾಚಿದೆ.

ಅವರು ಕಾಗದ ಮುಟ್ಟಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿ, "ಒಂದ್ಸಲ ಮಾಡು" ಅಂದರು.

"ಏನಣ್ಣ?"

"ನನ್ ಥರ. ಊರೆಲ್ಲ ನೋಡೈತೆ. ನಾನೊಬ್ಬ ನೋಡಿಲ್ಲ."

"ಬ್ಯಾಡ ಬುಡಣ್ಣ."

"ಮಾಡೋ ಮಾರಾಯ. ನಾಳೆ ನೀನಿಲ್ಲ ಅಂದ್ರೆ ನಂಗೆ ತೋರ್ಸೋರು ಯಾರು?"

ಎದ್ದು ನಿಂತೆ. ಸಾವಿರ ಸಲ ಮಾಡಿದ್ದನ್ನೇ ಮಾಡಿದೆ: ಬೆನ್ನು ಬಗ್ಗಿಸಿದೆ, ಫೋಕಸ್ ತಿರುಗಿಸಿದೆ, ಅಂಗೈ ಎಡಗಣ್ಣಿಗೆ ಹೋಯಿತು. ಅವರ ಹೆಂಡತಿ ಮೆಣಸು ಬಿಟ್ಟು ಹತ್ತಿರ ಬಂದು ನಿಂತಿದ್ದರು. ಯಾರೂ ನಗದ ಕಡೆ ಮಿಮಿಕ್ರಿ ಎಷ್ಟು ಉದ್ದವಾಗುತ್ತದೆ ಎಂದು ಆವತ್ತು ತಿಳಿಯಿತು. ನನ್ನ ಕಿವಿಯೊಳಗೆ ನನ್ನದೇ ಎದೆ ಎರಡೆರಡು ಬಡಿತ ಒಟ್ಟಿಗೆ ಬಡಿಯುತ್ತಿತ್ತು.

"ಕೈ ಸರಿಯಾಗೈತೆ" ಅಂದರು ಅವರು. "ಮಾತು ಹೇಳ್ಲಿಲ್ಲ."

"ಯಾವ ಮಾತು?"

"ಗೊತ್ತಿಲ್ವೇನೋ?"

"ಸ್ವಲ್ಪ ನಗಿ ಯಜಮಾನ್ರೇ" ಅಂದೆ. ಅವರ ದನಿ ಬರಲಿಲ್ಲ, ನನ್ನದೇ ಬಂತು.

"ಅದನ್ನ ಯಾರ ಮನೇಲಿ ಅಂದೆ ನಾನು?"

"ಎಲ್ಲೂ ಅಂದಿಲ್ಲಣ್ಣ. ಜನ ನಗ್ಲಿ ಅಂತ ನಾನೇ ಕಟ್ಟಿದ್ದು."

"ಅಯ್ಯೋ!" ಅಂದರು ಅವರ ಹೆಂಡತಿ. "ಎಲ್ಲೋ ಬಾಯ್ತಪ್ಪಿ ಅಂದಿರ್ಬೇಕು ಅಂತ ನಾನೂ ನಂಬ್ಕೊಂಬುಟ್ಟಿದ್ದೆ ಕಣ್ರೀ."

ಅವರು ಹೆಂಡತಿಯ ಕಡೆ ತಿರುಗಿದರು. ನನ್ನನ್ನು ನೋಡಿದ್ದಕ್ಕಿಂತ ಬಹಳ ಹೊತ್ತು ಆಕೆಯನ್ನು ನೋಡಿದರು. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಆ ಹೊತ್ತಿಗೆ ನನ್ನ ವಾಲ್ವ್ ಅಲ್ಲೇ ನಿಂತುಬಿಟ್ಟರೆ ಎಲ್ಲರಿಗೂ ಅನುಕೂಲ ಅನ್ನಿಸಿತು.

ಆಮೇಲೆ ಅವರು ನನ್ನ ಕಾಗದ ಇಸಿದುಕೊಂಡರು. ಪೂರ್ತಿ ಓದಿ, ಮಡಚಿ, ವಾಪಸ್ ನನ್ನ ಜೇಬಿಗೇ ತುರುಕಿದರು.

"ಇದು ಬ್ಯಾಡ ನಂಗೆ. ನೀನು ಸತ್ಮೇಲೆ ಈ ಬ್ಯಾಗು ಸತ್ತೋರ ಸಾಮಾನು ಕಣೋ. ಯಾವ ಮದ್ವೆ ಮನೇರು ಒಳಕ್ಕೆ ಬುಡ್ತಾರೆ? ಅಂಥದ್ದು ಆಗ್ಲೇ ಒಂದೈತಲ್ಲ ನನ್ ತಾವ." ಬಿಚ್ಚಿದ ಕ್ಯಾಮೆರಾ ತೋರಿಸಿದರು. "ಕೊಡೋದಾದ್ರೆ ಈಗ ಕೊಡು. ಉಸುರಿರೋವಾಗ, ನಿನ್ ಕೈಯಿಂದ."

"ಬದುಕಿ ಬಂದ್ರೆ?"

"ಬಾ. ಯಾರು ಬ್ಯಾಡ ಅಂದ್ರು? ಆದ್ರೆ ಇದು ಮಾತ್ರ ನಂದೇ."

ಇಂಥದ್ದೊಂದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಸತ್ತ ಮೇಲೆ ಕೊಡುವುದು ಸುಲಭ. ಆಗ ನನಗೆ ಕ್ಯಾಮೆರಾ ಬೇಕಿರುವುದಿಲ್ಲ. ಈಗ ಕೊಟ್ಟು ಬದುಕಿಬಿಟ್ಟರೆ? ಆರು ವರ್ಷ ಆ ಪಟ್ಟಿ ಉಜ್ಜಿ ಉಜ್ಜಿ ನನ್ನ ಬಲಭುಜದಲ್ಲಿ ಗೆರೆಯೇ ಬಿದ್ದಿತ್ತು. ಬ್ಯಾಗಿಲ್ಲದ ನಾನು ಬರಿಯ ಬಾಯಿ. ಬದುಕುವ ಚಾನ್ಸೇ ಹೆಚ್ಚು ಎಂದು ಡಾಕ್ಟರು ಅಂದಿದ್ದ ಮಾತಿಗೆ ಆಗ ಮೊದಲ ಸಲ ಹೆದರಿದೆ.

ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಬಸ್ ಬತ್ತೈತೆ" ಅಂದರು. "ಏನಾರ ಒಂದ್ ಹೇಳು."

ಪಟ್ಟಿಯನ್ನು ಭುಜದಿಂದ ತೆಗೆದು ಬ್ಯಾಗನ್ನು ಜಗಲಿಯ ಮೇಲಿಟ್ಟೆ. ಸಣ್ಣ ಲೆನ್ಸಿನ ಮುಚ್ಚಳ ಸಡಿಲ, ಬಿದ್ದುಹೋಗುತ್ತದೆ ಅಂತಷ್ಟೇ ಅಂದೆ. ಅವರು ಹೂಂ ಅಂದರು. ಏರು ಇಳಿಯುವಾಗ ಇಲ್ಲದ ಭಾರಕ್ಕೆ ನನ್ನ ಮೈ ಒಂದು ಕಡೆ ವಾಲುತ್ತಲೇ ಇತ್ತು.

ಸಾಯಲಿಲ್ಲ. ಎದೆಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದೆ. ಎರಡು ತಿಂಗಳು ಅವ್ವ ಕೊಟ್ಟ ಗಂಜಿ ಕುಡಿಯುತ್ತ, ನರ್ಸುಗಳನ್ನೆಲ್ಲ ಅಣಕಿಸಿ ತೋರಿಸುತ್ತ ಮಲಗಿದ್ದೆ. ತಲೆಯೊಳಗೆ ಮಾತ್ರ ಬ್ಯಾಗು. ಮದುವೆಯ ಕಾಲ ಶುರುವಾಗಿತ್ತು. ರಸ್ತೆಯಲ್ಲಿ ವಾಲಗದ ಸದ್ದು ಕೇಳಿದರೆ ಬೆರಳು ಬಟನ್ ಒತ್ತುವ ಹಾಗೆ ತಾನೇ ಮಡಚಿಕೊಳ್ಳುತ್ತಿತ್ತು. ಕೊನೆಗೆ ತಡೆಯಲಾಗದೆ ಹೊಂಗಡಹಳ್ಳದ ಬಸ್ಸು ಹತ್ತಿದೆ. ವಾಪಸ್ ಕೇಳಲೆಂದೇ ಹೋದದ್ದು. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಮೂರು ಬಗೆಯ ದನಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ.

ಅವರ ಜಗಲಿ ತುಂಬ ಜನ. ಹೆಗ್ಗದ್ದೆ ಕಡೆಯ ಒಂದು ಮನೆಯವರು ಮದುವೆಯ ಮಾತಿಗೆ ಬಂದಿದ್ದರು. "ಆ ನಗಿ ಅಂದ ಮಾತೂ ಸುಳ್ಳಂತೆ, ಹೆಣ ನೋಡ್ದಿರೋ ಕ್ಯಾಮೆರಾನೂ ಬಂದೈತಂತೆ ನಿಮ್ ತಾವ. ಹಿಂದಿನ ದಿನ ಚಪ್ರುಕ್ಕೇ ಬಂದ್ಬುಡಿ. ಶಾಸ್ತ್ರ ಎಲ್ಲ ತೆಗೀಬೇಕು" ಎಂದು ಹುಡುಗಿಯ ತಾಯಿ ಒತ್ತಾಯ ಮಾಡುತ್ತಿದ್ದರು. ಬರ್ತೀನಿ ಅನ್ನುತ್ತಿದ್ದ ಅವರು ಅಂಗಳದಲ್ಲಿ ನನ್ನನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು. ಪಕ್ಕದಲ್ಲಿದ್ದ ಬ್ಯಾಗನ್ನು ಮೆಲ್ಲಗೆ ತೊಡೆಯ ಹತ್ತಿರ ಎಳೆದುಕೊಂಡರು.

"ಏನೋ," ಅಂದರು, "ಏನ್ ಬಂದಿದ್ದು?"

ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ದನಿಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಕಾಫಿ ಕುಡ್ಕೊಂಡು ಹೋಗನ ಅಂತ ಕಣಣ್ಣ" ಅಂದೆ.

ಒಳಗಿನಿಂದ ಕಾಫಿ ಬಂತು. ನಾನು ಕುಡಿದು ಲೋಟ ಕೆಳಗಿಡುವವರೆಗೂ ಅವರು ಬ್ಯಾಗಿನ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೇ ಕೂತಿದ್ದರು.