ಲಾದಿಯ ಮೇಲೆ ಲಾದಿ

ಬಾಡಿಗೆಗೆ ಬಿಡಲೆಂದು ಹಳೆಯ ಖೋಲಿ ಹಿಡಿಯುವವರು ಸಲಹೆ ಕೇಳಿದರೆ ನಾನು ಈಗಲೂ ಒಂದೇ ಮಾತು ಹೇಳುತ್ತೇನೆ: ಮೊದಲು ಕೆಳಗಿನ ಮನೆಗೆ ಹೋಗಿ ತಲೆಯೆತ್ತಿ ನೋಡಿ. ಕೇಳಿದವರು ನಗುತ್ತಾರೆ. ವಿವರಿಸುವ ತ್ರಾಣ ನನಗಿಲ್ಲ.

ಎಪ್ಪತ್ತರ ದಶಕದ ಆರಂಭ. ಅಕ್ಕನ ಗಂಡ, ಅಂದರೆ ನನ್ನ ಭಾವ, ಉಡುಪಿ ಕಡೆಯವರ ಹೋಟೆಲೊಂದರಲ್ಲಿ ಹಣ ಪಡೆಯುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಮುಂಬಯಿಯ ಸಯನ್ನಿನ ಚಾಳೊಂದರ ಮೊದಲ ಮಹಡಿಯಲ್ಲಿ ಪಗಡಿ ಎಂಬ ಮುಂಗಡ ಹಣ ಕೊಟ್ಟು ಒಂದು ಖೋಲಿ ಹಿಡಿದರು. ಖೋಲಿ ನಮ್ಮದಲ್ಲ, ಅಲ್ಲಿ ಬಾಡಿಗೆಗಿರುವ ಹಕ್ಕಷ್ಟೇ ನಮ್ಮದು. ಅದನ್ನು ರಿಪೇರಿ ಮಾಡಿಸಿ ಹೋಟೆಲು ಕೆಲಸಗಾರರಿಗೆ ಒಳಬಾಡಿಗೆಗೆ ಕೊಡಬೇಕೆಂದು ಭಾವನ ಯೋಚನೆ. ಬಿ.ಎ. ಮುಗಿಸಿ ಆಫೀಸು ಸೇರಿದ್ದ ನನಗೆ ರಜೆಯ ದಿನ ಕೆಲಸ ನೋಡಿಕೊಳ್ಳುವ ಜವಾಬ್ದಾರಿ.

ನೆಲಕ್ಕೆ ಹಾಸಿದ್ದ ಲಾದಿ ಬಿಲ್ಲೆಗಳು ಅಲ್ಲಲ್ಲಿ ಒಡೆದಿದ್ದವು. ಕೀಳಲು ಹೋದರೆ ಸುತ್ತಿಗೆಯ ಸದ್ದಿಗೆ ಮಾಲಕನ ಮನುಷ್ಯ ಬಂದು, ಪರವಾನಗಿ ಎಲ್ಲಿ ಎಂದು ಕೈಯೊಡ್ಡುತ್ತಾನೆ. ಹಾಗಾಗಿ ಆ ಚಾಳಿನಲ್ಲಿ ಯಾರೂ ಕೀಳುತ್ತಿರಲಿಲ್ಲ. ಹಳೆಯದರ ಮೇಲೇ ಸಿಮೆಂಟು ಹರಡಿ ಹೊಸದನ್ನು ಕೂರಿಸುತ್ತಿದ್ದರು. ನಮ್ಮ ಹಿಂದಿನವರೂ ಹಾಗೇ ಮಾಡಿದ್ದರು, ಅವರ ಹಿಂದಿನವರೂ. ನೆಲ ಏರಿದಂತೆಲ್ಲ ಬಾಗಿಲಿನ ಅಡಿಯನ್ನು ಕೊಯ್ದಿದ್ದರು. ಅಷ್ಟೂ ಭಾರ ಹೊತ್ತದ್ದು ಮರದ ತೊಲೆಗಳು.

“ಇನ್ನೊಂದು ಪದರ ತಡೆಯುತ್ತದಾ ಭಾವ?”

“ಸಾಗುವಾನಿ ಮಾರಾಯ! ನೀನು ಬಿ.ಎ. ಮಾಡಿದ್ದು ಇತಿಹಾಸದಲ್ಲೋ, ತೊಲೆಯಲ್ಲೋ?”

ಹೊಸ ಲಾದಿ ಕೂತಿತು. ಮುಂದಿನ ಭಾನುವಾರ ಕೆಳಗಿನ ಖೋಲಿಯ ಹೆಂಗಸು ಮೇಲೆ ಬಂದರು. ಬಿಜಾಪುರ ಕಡೆಯವರು, ಕಟ್ಟಡ ಕೆಲಸದಲ್ಲಿ ಬುಟ್ಟಿ ಹೊರುತ್ತಿದ್ದರು. ಒಬ್ಬರೇ ಇರುತ್ತಿದ್ದರು.

“ಯಣ್ಣಾ, ಹಿಟ್ಟಿನಾಗ ಮಣ್ಣ ಬೀಳಾಕತ್ತೈತಿ. ಒಮ್ಮೆ ಬಂದು ನೋಡ್ರಿ.”

“ಮುಚ್ಚಳ ಹಾಕಿ ಅಕ್ಕಾ,” ಎಂದು ಭಾವ ನಕ್ಕರು.

“ರೊಟ್ಟಿ ಬಡಿಯೂಮುಂದ ಮುಚ್ಚಳ ಹೆಂಗ ಹಾಕೂದ್ರಿ? ನಿಮ್ಮ ಹೋಟ್ಲದಾಗ ಹಾಕ್ತಾರೇನು?”

ನಾನು ಅವರ ಹಿಂದೆ ಇಳಿದೆ. ಅವರು ಒಲೆಯ ಮುಂದೆ ಮಣೆಯ ಮೇಲೆ ಕೂತು ಮತ್ತೆ ರೊಟ್ಟಿಗೆ ಕೈಹಚ್ಚಿದರು. ನಾನು ಬಾಗಿಲಲ್ಲೇ ನಿಂತು ಮೇಲೆ ನೋಡಿದೆ. ಒಲೆಯ ನೇರಕ್ಕೆ ತೊಲೆಯೊಂದು ಗೋಡೆಯಿಂದ ಜಾರಿ ಬಾಗಿತ್ತು.

“ನಿಂತ ಯಾಕ ನೋಡ್ತೀರಿ, ಕುಂದರ್ರಿ,” ಎಂದು ಅವರು ಎದ್ದರು. ಬೇಡ ಬೇಡ ಎಂದೆ. ಮನೆಗೆ ಬಂದವನು ನಿಂತಿರುವುದು ಅವರಿಗೆ ಸರಿಬರಲಿಲ್ಲ. ಇದ್ದ ಒಂದೇ ಮಣೆಯನ್ನು ಎತ್ತಿ ನನ್ನತ್ತ ತಂದರು.

ಮೊದಲು ಲಟಕ್ಕೆಂಬ ಸದ್ದು. ಆಮೇಲೆ ಬರೀ ಧೂಳು. ಧೂಳು ಇಳಿದಾಗ ಒಲೆ ಕಾಣಲಿಲ್ಲ. ಅದರ ಮೇಲೆ ಲಾದಿಯ ಗುಡ್ಡೆ, ಮುರಿದ ತೊಲೆ. ಮೇಲಿನ ತೂತಿನ ಅಂಚಿನಲ್ಲಿ ನಿಂತ ಭಾವನ ಕಾಲುಗಳು ಕಂಡವು. ಮಣೆ ಇನ್ನೂ ಆಕೆಯ ಕೈಯಲ್ಲೇ ಇತ್ತು. ನನ್ನ ಬೇಡ ಎಂಬ ಮಾತಿಗೆ ಆಕೆ ಒಪ್ಪಿ ಅಲ್ಲೇ ಕೂತಿದ್ದರೆ? ಆಮೇಲೆಲ್ಲ ಲೋಕಲ್ ರೈಲಿನಲ್ಲಿ ನಿಂತಾಗ, ಸ್ನಾನ ಮಾಡುವಾಗ, ಎಷ್ಟು ಸಲ ಮನಸ್ಸಿನಲ್ಲಿ ಆಕೆಯನ್ನು ಅಲ್ಲೇ ಕೂರಿಸಿ ನೋಡಿದ್ದೇನೋ.

ಭಾವ ಓಡಿ ಬಂದರು. “ನಮ್ಮ ಮನೆಗೆ ನಡೀರಿ ಅಕ್ಕಾ. ಉಳಿದದ್ದೂ ಬಿದ್ದೀತು.”

“ಖೋಲಿ ಖಾಲಿ ಬಿಟ್ರ ಮಾಲಕ ಕೀಲಿ ಜಡೀತಾನ್ರಿ. ಆಮ್ಯಾಲ ನಾ ಎಲ್ಲಿಗೆ ಹೋಗ್ಲಿ?”

ಹಾಗೆ ಖಾಲಿ ಬಿಟ್ಟ ಖೋಲಿಗಳು ಕೈತಪ್ಪಿದ್ದನ್ನು ಭಾವ ಕಣ್ಣಾರೆ ಕಂಡಿದ್ದರು. ಉಳಿದ ನೆಲದ ಭಾರ ಇಳಿಸುವುದೊಂದೇ ದಾರಿ. ಭಾವ ಗಾರೆ ಕೆಲಸದ ಗವಂಡಿಯನ್ನು ಕರೆತಂದರು. ನಾನು ಕೆಳಗೆ ಉಳಿದ ತೊಲೆಗಳಿಗೆ ಆಸರೆಯಾಗಿ ಬಿದಿರಿನ ಊರೆಗಳನ್ನು ನಿಲ್ಲಿಸಿದೆ. ಆಕೆ ಹೊಸಿಲ ಒಳಗೇ ಕೂತರು, ಹೊರಗೆ ಕಾಲಿಡಲಿಲ್ಲ.

ಮೇಲೆ ಉಳಿಯ ಏಟುಗಳು ಶುರುವಾದವು. ಈಗ ಸದ್ದಿಗೆ ಯಾರು ಬಂದರೂ ಬರಲಿ ಎಂದಿದ್ದರು ಭಾವ. ಏಟು ಬಿದ್ದಾಗಲೆಲ್ಲ ಊರೆ ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಸಂಜೆಗೆ ನಮ್ಮ ಹೊಸ ಪದರ ಎದ್ದಿತು. ಎರಡನೆಯದಕ್ಕೆ ಉಳಿ ಇಡುವ ಮೊದಲು ಭಾವ ತೂತಿನಲ್ಲಿ ಬಗ್ಗಿ ಕೇಳಿದರು:

“ಆಕೆ ಹೊರಗೆ ಹೋದರಾ?”

“ಇಲ್ಲ,” ಅಂದೆ. “ಮೆಲ್ಲಗೆ ಹೊಡೆಯಿರಿ.”